ಎಲುಬಿಗೆ ಗಂಜಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಬೋರಕ್ಕನಿಗೆ ಯಾರಾದರೂ ಏನನ್ನಾದರೂ ಪುಕ್ಕಟೆ ಕೊಟ್ಟರೆ ಅವಳು ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡುತ್ತಾಳೆ. ಹಬ್ಬದ ಹೋಳಿಗೆಯಾದರೂ ಅಷ್ಟೇ, ಮದುವೆಯಲ್ಲಿ ಉಡಿಗೆ ಹಾಕಿದ ಕುಬಸದ ಖಣವಾದರೂ ಅಷ್ಟೇ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಗಲಗಲಿಯಿಂದ ಸೊಸೆಯಾಗಿ ಬಂದಂದಿನಿಂದ ಅವಳಿಗೆ ಮೊಸರು ಕೊಡುತ್ತ ಬಂದಿದ್ದೇನೆ. ಮೂಸಿ ನೋಡದೆ ಅವಳು ಅದನ್ನು ಒಳಗೆ ಒಯ್ದದ್ದು ನನಗೆ ನೆನಪಿಲ್ಲ. ನನಗೇನೂ ಸಿಟ್ಟಿಲ್ಲ. ಬಟ್ಟಲು ತೊಳೆದು ಅದರಲ್ಲೊಂದು ಬೆಲ್ಲದ ಹೆಂಟೆ ಇಟ್ಟು ತಿರುಗಿ ಕೊಡುವವಳೂ ಅವಳೇ.

ಈ ಗುಣ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ನೂಲಿನಿಂದ ಬಂದದ್ದು. ಅವಳು ರಬಕವಿಯ ನೇಕಾರರ ಮನೆಯ ಮಗಳು, ಬನಹಟ್ಟಿಯ ನೇಕಾರರ ಮನೆಯ ಸೊಸೆ. ಆ ಕಾಲದಲ್ಲಿ ಸಾವಕಾರರು ನೂಲನ್ನು ತೂಗಿ ಕೊಡುತ್ತಿದ್ದರು, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಿದ್ದರು. ಕೊಡುವ ನೂಲು ತುಸು ಹಸಿಯಾಗಿರುತ್ತಿತ್ತು. ಮನೆಗೆ ತಂದು ಬಿದಿರ ಗಳುವಿಗೆ ಹಾಕಿದರೆ ಒಣಗಿ ಹಗುರ. ಸೀರೆ ಒಯ್ದಾಗ ತಕ್ಕಡಿಯ ಹತ್ತಿರ ಮಾತು ಶುರುವಾಗುತ್ತಿತ್ತು, ತೂಕ ಎಲ್ಲಿ ಹೋಯಿತು, ನೂಲು ಎಲ್ಲಿ ಇಟ್ಟಿ ಎಂದು. ಅದಕ್ಕೆ ನೇಕಾರರೂ ಒಂದು ದಾರಿ ಹುಡುಕಿದ್ದರು. ಸೀರೆ ಒಯ್ಯುವ ಮುಂಚೆ ಗಂಜಿಯನ್ನು ಕೈಬಿಚ್ಚಿ ಹಿಡಿಸುವುದು. ಗಂಜಿ ಕುಡಿದ ಅರಿವೆ ಕೈಗೆ ದಪ್ಪ ಹತ್ತುತ್ತದೆ, ತಕ್ಕಡಿಯಲ್ಲೂ ಜಗ್ಗುತ್ತದೆ. ಅವರು ನೀರು ಸೇರಿಸಿ ಕೊಡುವುದು, ಇವರು ಗಂಜಿ ಸೇರಿಸಿ ಕೊಡುವುದು. ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಬೋರಕ್ಕ ಲೋಕವನ್ನು ಕಲಿತದ್ದು ಆ ತಕ್ಕಡಿಯ ಮುಂದೆ ನಿಂತು.

ಆಗ ನಮ್ಮ ಓಣಿಯಲ್ಲಿ ಹೆಂಗಸರು ರಾಟಿಯ ಮುಂದೆ ಕೂತು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವವರು. ಮಗ್ಗದ ಕುಣಿಗೆ ಇಳಿಯುವವರು ಗಂಡಸರು. ಕೈಮಗ್ಗವೆಂದರೆ ನೆಲದಲ್ಲಿ ಒಂದು ಕುಣಿ. ದಂಡೆಯ ಮೇಲೆ ಕೂತು ಕಾಲನ್ನು ಕುಣಿಯಲ್ಲಿ ಇಳಿಬಿಟ್ಟು ಕೆಳಗಿನ ಹಲಗೆ ತುಳಿಯಬೇಕು, ಕೈಯಿಂದ ಲಾಳಿ ಹೊಡೆಯಬೇಕು. ಬೋರಕ್ಕನ ಗಂಡ ವಿಠೋಬಾ ವಿದ್ಯುತ್ ಮಗ್ಗದ ಕಾರಖಾನೆಗೆ ಪಗಾರಕ್ಕೆ ಹೋದಾಗ ಮನೆಯ ಮಗ್ಗಕ್ಕೆ ಜೇಡ ಬಲೆ ಕಟ್ಟಿತು. ಒಂದು ಬೆಳಿಗ್ಗೆ ಬೋರಕ್ಕ ಸೀರೆಯ ಕಚ್ಚೆ ಬಿಗಿದು ತಾನೇ ಕುಣಿಗೆ ಇಳಿದಳು. ಓಣಿಯ ಹಿರಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಹೆಣ್ಣು ಕುಣಿಗೆ ಇಳಿದರೆ ಮನೆತನ ಇಳಿಯುತ್ತದೆ ಎಂದರು.

"ಏರಿದ್ದು ಯಾವಾಗ ಅನ್ನೂದು ಮೊದಲ ಹೇಳ್ರಿ," ಅಂದಳಂತೆ ಬೋರಕ್ಕ. "ಇಳಿಯೂದು ಆಮ್ಯಾಲೆ ನೋಡೂಣು."

ಆವತ್ತಿನಿಂದ ಆ ಮಗ್ಗ ಅವಳದು. ವಿಠೋಬಾ ತೀರಿಕೊಂಡ ಮೇಲೂ ನಿಲ್ಲಲಿಲ್ಲ. ಈಗ ಓಣಿಯ ತುಂಬ ವಿದ್ಯುತ್ ಮಗ್ಗಗಳ ಗದ್ದಲ, ಮಾತಾಡಬೇಕಾದರೆ ಒದರಬೇಕು. ಆ ಗದ್ದಲದ ನಡುವೆ ಒಂದೇ ಒಂದು ಕೈಮಗ್ಗ ಉಳಿದಿದೆ, ಬೋರಕ್ಕನದು. ನೇಕಾರರ ಸೊಸೈಟಿಯವರು ನೂಲು ಕೊಟ್ಟು ಸೀರೆ ಒಯ್ಯುತ್ತಾರೆ. ಹಿತ್ತಲ ಪತ್ರಾಸಿನ ಶೆಡ್ಡಿನಲ್ಲಿ ಅವಳ ಮಗ ಪ್ರಭುಲಿಂಗನ ವಿದ್ಯುತ್ ಮಗ್ಗಗಳಿವೆ. ಅಲ್ಲಿ ಜಾಗ ತುಂಬಿದೆ. ಇನ್ನೊಂದು ಜೋಡಿ ಹಾಕಬೇಕೆಂದರೆ ಮನೆಯಲ್ಲಿ ಉಳಿದಿರುವುದು ಮುಂದಿನ ಕೋಣೆ ಒಂದೇ, ಕುಣಿ ಇರುವ ಕೋಣೆ. ಪ್ರಭುಲಿಂಗ ಊಟಕ್ಕೆ ಕೂತಾಗೊಮ್ಮೆ ಕುಣಿಯಲ್ಲಿ ಇಲಿ ಸೇರುತ್ತವೆ ಎನ್ನುತ್ತಾನೆ, ಇನ್ನೊಮ್ಮೆ ಗೋಡೆಗೆ ಹಸಿ ಏರುತ್ತದೆ ಎನ್ನುತ್ತಾನೆ. ಬೋರಕ್ಕ ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ನಡುವಿಗೆ ಸಿಗಿಸಿಕೊಂಡು ಓಡಾಡುತ್ತಾಳೆ.

ಹೋದ ವರ್ಷದ ಮಾತು. ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಿ ಅವಳ ಕೈಗೆ ನಿಲುಕದಾಯಿತು. ಸೊಸೆ ಶ್ರೀದೇವಿ ಹಲಗೆಯನ್ನು ಕಿತ್ತು ಮೇಲೆ ಹೊಡೆಸಿದ್ದಾಳೆ ಎಂದು ಬೋರಕ್ಕ ನನ್ನ ಹತ್ತಿರ ಹೇಳಿದಳು. ನಾನು ಹೋಗಿ ನೋಡಿದೆ. ಮೊಳೆಗಳಿಗೆ ಹಳೆಯ ಜಂಗು ಹಿಡಿದಿತ್ತು, ಯಾರೂ ಮುಟ್ಟಿರಲಿಲ್ಲ. ಹಾಗೆ ಹೇಳಿದರೆ ನನ್ನ ಮೇಲೂ ಸಂಶಯ ಪಟ್ಟಾಳೆಂದು ಸುಮ್ಮನಾದೆ. ಅದಾಗಿ ಸ್ವಲ್ಪ ದಿನಕ್ಕೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿ ಕೂತಳು. ಬಿದ್ದಳು ಎನ್ನುವ ಹಾಗೂ ಇಲ್ಲ, ಕೈ ಊರಿ ಕೂತಳು ಅಷ್ಟೇ. ಊರಿದ ಕೈಯ ಮಣಿಕಟ್ಟು ಮುರಿಯಿತು.

ರಬಕವಿಯ ಎಲುಬಿನ ಡಾಕ್ಟರು ಪಟ್ಟಿ ಹಾಕಿದರು, ಸುಣ್ಣದಂಶದ ಗುಳಿಗೆ ಬರೆದುಕೊಟ್ಟರು. ಪಟ್ಟಿ ಬಿಚ್ಚುವ ದಿನ ಅವರು ಶ್ರೀದೇವಿಗೆ ಹೇಳಿದ್ದು ಇಷ್ಟು: ಇಷ್ಟು ಸಣ್ಣ ಪೆಟ್ಟಿಗೆ ಮುರಿಯಬಾರದು, ಎಲುಬು ಒಳಗೊಳಗೇ ಸವೆದಿರಬಹುದು, ಜಮಖಂಡಿಯಲ್ಲಿ ಎಲುಬಿನ ಗಟ್ಟಿತನ ಅಳೆಯುವ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ. ಶ್ರೀದೇವಿ ಅಲ್ಲಿಂದಲೇ ಜಮಖಂಡಿಗೆ ಫೋನ್ ಹಚ್ಚಿ ದಿನ ಗೊತ್ತು ಮಾಡಿದಳು. ಹೇಗೆ ತಯಾರಾಗಿ ಬರಬೇಕೆಂದು ಕೇಳಿಕೊಂಡಳು.

ಆ ಸಂಜೆ ಬೋರಕ್ಕ ನಮ್ಮ ಕಟ್ಟೆಗೆ ಬಂದು ಕೂತಳು. ಎಲೆಯಡಿಕೆಯ ಚಂಚಿ ಬಿಚ್ಚಿದಳು, ಎಲೆಗೆ ಸುಣ್ಣ ಹಚ್ಚಿದಳು, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಳು.

"ರಕ್ತ ತೊಗೊಳ್ಳೂದಿಲ್ಲಂತ. ಸೂಜಿ ಚುಚ್ಚೂದಿಲ್ಲಂತ. ಉಪಾಸ ಇರೂದು ಬ್ಯಾಡಂತ. ಸುಮ್ಮ ಮಲಗಿ ಎದ್ದು ಬರೂದಂತ," ಅಂದಳು. "ನಮ್ಮ ಕಡಿಂದ ಏನೂ ತೊಗೊಳ್ಳಾರದ ಅವರು ನೋಡೂದರ ಏನು, ಅನಸಿ?" ಎಂದು ನನ್ನ ಹೆಸರು ಹಿಡಿದು ಕೇಳಿದಳು.

ಕೈ ಮುರಿದಾಗ ಫೋಟೊ ತೆಗೆಯಲಿಲ್ಲವೇ, ಅದೇ ನಮೂನೆ ಇರಬೇಕು ಎಂದೆ. ಫೋಟೊದಲ್ಲಿ ಮುರಿದದ್ದು ಕಂಡೀತು, ಭಾರ ಹೇಗೆ ಕಂಡೀತು ಎಂದು ಅವಳು ಕೇಳಿದಳು. ನಾನು ಸಾಲಿಗೆ ಹೋದದ್ದು ಬಾರಾಖಡಿ ಮುಗಿಯುವವರೆಗೆ ಮಾತ್ರ.

ಆಮೇಲೆ ಅವಳು ಒಂದೊಂದಾಗಿ ಬಿಚ್ಚಿಟ್ಟಳು. ಮೈಮೇಲೆ ಲೋಹದ್ದೇನೂ ಇರಬಾರದಂತೆ. ಕುಬಸಕ್ಕೆ ಕೊಂಡಿ ಇರಬಾರದಂತೆ. ಅವಳದು ಗಂಟು ಕಟ್ಟುವ ಕುಬಸ, ಅದರ ಚಿಂತೆ ಇಲ್ಲ. ಆದರೆ ನಡುವಿನ ಕೀಲಿಕೈ ಬಿಚ್ಚಿಡಬೇಕಲ್ಲ. ಕೋಣೆಯ ಕೀಲಿಕೈಯನ್ನು ಬಿಚ್ಚಿಸುವುದಕ್ಕೆ ಇದಕ್ಕಿಂತ ನಾಜೂಕಾದ ದಾರಿ ಇದೆಯೇ? ಇನ್ನು ಗುಳಿಗೆಯ ಮಾತು. ಪರೀಕ್ಷೆಯ ಹಿಂದಿನ ದಿನದಿಂದ ಸುಣ್ಣದ ಗುಳಿಗೆ ನುಂಗಬಾರದು ಎಂದು ಫೋನಿನಲ್ಲಿ ಹೇಳಿದ್ದರು.

"ಇಷ್ಟ ದಿನಾ ಬಿಡಬ್ಯಾಡ್ರಿ, ಬಿಡಬ್ಯಾಡ್ರಿ ಅಂದ್ರು. ತೂಗೂ ಹೊತ್ತಿಗೆ ಬ್ಯಾಡ ಅಂತಾರ," ಅಂದಳು ಬೋರಕ್ಕ. "ಒಣಗಿಸಿ ತೂಗಾವ್ರು ಅವರು. ಹಗುರ ಬರ್ಲಿ ಅಂತ."

ಹಗುರ ಬಂದರೆ ಯಾರಿಗೇನು ಲಾಭ ಎಂದು ನಾನು ಕೇಳಿದೆ. ಅವಳು ತನ್ನ ಮನೆಯ ಬಾಗಿಲ ಕಡೆ ಬಾಯಿ ಮಾಡಿ ತೋರಿಸಿದಳು. ಎಲುಬು ಹಗುರ ಎಂದು ಡಾಕ್ಟರು ಒಮ್ಮೆ ಅಂದರೆ ಆಯಿತು, ಕುಣಿಗೆ ಇಳಿಯುವುದು ಬೇಡ ಎನ್ನುತ್ತಾರೆ, ಮರುದಿನವೇ ಮಗ ಕುಣಿ ಮುಚ್ಚುತ್ತಾನೆ, ಅದರ ಮೇಲೆ ವಿದ್ಯುತ್ ಮಗ್ಗ ಕೂಡ್ರಿಸುತ್ತಾನೆ. ತಾನು ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂಡಬೇಕು. ಇಷ್ಟನ್ನೂ ಅವಳು ಅಳದೆ, ದನಿ ಏರಿಸದೆ ಹೇಳಿದಳು.

ನಾನು ಸುಮ್ಮನಿರಬೇಕಾಗಿತ್ತು. ಆದರೆ ಎರಡು ದಿನದ ಹಿಂದೆ ನನ್ನ ಕಣ್ಣಿಗೊಂದು ಬಿದ್ದಿತ್ತು. ಮಗ್ಗ ಕೂಡ್ರಿಸುವ ಮಿಸ್ತ್ರಿ ಯುವರಾಜ, ಪ್ರಭುಲಿಂಗನ ಜೊತೆ ನಿಂತು, ಆ ಕೋಣೆಯ ಕಿಟಕಿಯ ಸರಳಿಗೆ ಮುಖ ಹಚ್ಚಿ ಒಳಗೆ ನೋಡುತ್ತಿದ್ದ. ಅದನ್ನು ಹೇಳಿಬಿಟ್ಟೆ. ಬೋರಕ್ಕನ ಮುಖದಲ್ಲಿ ಸಿಟ್ಟು ಬರಲಿಲ್ಲ. ಹೊಂದದ ಲೆಕ್ಕ ಹೊಂದಿದವರ ಹಾಗೆ ತಲೆ ಅಲ್ಲಾಡಿಸಿ, ಕೈಯಲ್ಲಿದ್ದ ಎಲೆಯನ್ನು ಬಾಯಿಗಿಟ್ಟಳು.

ಜಮಖಂಡಿಗೆ ಹೋಗುವ ದಿನ ಪ್ರಭುಲಿಂಗ ಬರಲಿಲ್ಲ, ಮಗ್ಗದ ಕೆಲಸವಿದೆ ಎಂದ. ಅದಕ್ಕೇ ಬೋರಕ್ಕ ಕೋಣೆಯ ಕೀಲಿಯನ್ನು ಜಗ್ಗಿ ಜಗ್ಗಿ ನೋಡಿದಳು. ಶ್ರೀದೇವಿ, ಬೋರಕ್ಕ, ನಾನು, ಮೂವರೇ ಬಸ್ಸು ಹತ್ತಿದೆವು. ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದು ಬಸ್ಸು ನಿಂತು ನಿಂತು ಹೋಗುತ್ತಿತ್ತು. ಶ್ರೀದೇವಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬೋರಕ್ಕ ಚಂಚಿಯೊಳಗೆ ಕೈ ಹಾಕಿ ಏನೋ ಬಾಯಿಗೆ ಒಗೆದುಕೊಂಡಳು, ತಟ್ಟನೆ ಬಾಟಲಿ ಎತ್ತಿ ಗುಟುಕು ನೀರು ಕುಡಿದಳು. ತುಸು ಹೊತ್ತಿಗೆ ಮತ್ತೊಮ್ಮೆ ಹಾಗೇ ಮಾಡಿದಳು. ಅಡಿಕೆ ಹಾಕಿಕೊಂಡ ಮೇಲೆ ಯಾರು ನೀರು ಕುಡಿಯುತ್ತಾರೆ ಎಂದು ಅನಿಸಿತು. ಬಿಸಿಲಿಗೆ ಗಂಟಲು ಒಣಗಿರಬೇಕೆಂದು ಬಿಟ್ಟೆ.

ದವಾಖಾನೆಯಲ್ಲಿ ಸ್ಕ್ಯಾನ್ ಮಾಡುವವಳು ಅಂಜನಾ ಎಂಬ ಹೆಣ್ಣುಮಗಳು, ಮಾತು ಮೆತ್ತಗೆ. ಮೊದಲು ತೂಕ ನೋಡಿದಳು, ಆಮೇಲೆ ಗೋಡೆಗೆ ಒರಗಿಸಿ ಎತ್ತರ ಅಳೆದಳು. ವಯಸ್ಸಿನಲ್ಲಿ ಎಷ್ಟು ಎತ್ತರ ಇದ್ದಿರಿ, ಎಲುಬು ಸವೆದರೆ ಎತ್ತರವೂ ಇಳಿಯುತ್ತದೆ ಎಂದು ಕೇಳಿದಳು, ನನಗೆ ಅಡುಗೆಮನೆಯ ಹಲಗೆ ನೆನಪಾಯಿತು.

"ಸೀರಿ ಅಳದೇನಿ, ನನ್ನ ಅಳಕೊಂಡಿಲ್ಲವಾ," ಅಂದಳು ಬೋರಕ್ಕ.

ಹೊಟ್ಟೆಗೆ ಔಷಧ ಕುಡಿಸಿ ಮಾಡುವ ಬೇರೆ ಸ್ಕ್ಯಾನ್ ಈಚೆಗೆ ಆಗಿದೆಯೇ ಎಂದೂ ಅಂಜನಾ ಕೇಳಿದಳು. ಇಲ್ಲ ಎಂದು ಶ್ರೀದೇವಿ ಹೇಳಿದಳು. ಕಿವಿಯ ಬೆಂಡೋಲೆ ಬಿಚ್ಚಿ ಬೋರಕ್ಕ ಸೊಸೆಯ ಕೈಗೆ ಕೊಟ್ಟಳು. ಕೀಲಿಕೈಯನ್ನು ಮಾತ್ರ ನನ್ನ ಕೈಗೆ ಕೊಟ್ಟು ನನ್ನ ಮುಷ್ಟಿಯನ್ನು ತಾನೇ ಮುಚ್ಚಿದಳು. ಬಂಗಾರ ಸೊಸೆಗೆ, ಕಬ್ಬಿಣ ನೆರೆಯವಳಿಗೆ. ಶ್ರೀದೇವಿ ಅದನ್ನು ನೋಡಿದಳು, ಬೆಂಡೋಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಅಜ್ಜಿ ಅಂಜಬಾರದೆಂದು ನನ್ನನ್ನು ಬಾಗಿಲ ಹತ್ತಿರ ಕೂಡಲು ಬಿಟ್ಟರು. ಮೆತ್ತನೆಯ ಮೇಜು, ಕಾಲ ಕೆಳಗೆ ಒಂದು ಚೌಕದ ದಿಂಬು. ಮೇಲಿಂದ ಒಂದು ತೋಳಿನಂಥದು ಮೈ ಮುಟ್ಟದೆ ಮೆಲ್ಲಗೆ ಸರಿಯುತ್ತ ಹೋಯಿತು. ಬೋರಕ್ಕ ಕಣ್ಣು ಮುಚ್ಚಲಿಲ್ಲ. ಆ ತೋಳು ಹೋದ ಕಡೆಗೆಲ್ಲ ಅವಳ ಕಣ್ಣೂ ಹೋಗುತ್ತಿತ್ತು. ನನಗೂ ಯಾಕೋ ಆ ಸಪ್ಪಳವಿಲ್ಲದ ಯಂತ್ರದ ಮೇಲೆ ನಂಬಿಕೆ ಬರಲಿಲ್ಲ. ಬನಹಟ್ಟಿಯಲ್ಲಿ ಕೆಲಸ ಮಾಡುವ ಯಾವ ಯಂತ್ರವೂ ಸುಮ್ಮನಿರುವುದಿಲ್ಲ.

ಅಂಜನಾ ತೆರೆಯ ಮೇಲೆ ನೋಡುತ್ತ ಮುಂದೆ ಬಾಗಿದಳು. ಎದ್ದು ಬಂದಳು.

"ಆಯಿ, ನಿನ್ನಿ ಇಲ್ಲಾ ಇವತ್ತ ಸುಣ್ಣದ ಗುಳಿಗಿ ತೊಗೊಂಡೀರೇನ್ರಿ?"

"ಇಲ್ಲ."

"ಹೊಟ್ಟಿಯೊಳಗ ಎರಡು ಕಾಣಾಕತ್ತಾವಲ್ರಿ."

ಬೋರಕ್ಕ ಸೆರಗನ್ನು ಎಳೆದು ಹೊಟ್ಟೆ ಮುಚ್ಚಿಕೊಂಡಳು. ಅಂಜನಾ ನಗಲಿಲ್ಲ, ಗದರಲಿಲ್ಲ, ನಮ್ಮಿಬ್ಬರನ್ನೂ ತೆರೆಯ ಹತ್ತಿರ ಕರೆದು ತೋರಿಸಿದಳು. ಕಂಡಿಕೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಬೂದು ಬಣ್ಣದ ಬೆನ್ನೆಲುಬು. ಅದರ ಮೇಲೇ ಎರಡು ಬೆಳ್ಳನೆಯ ಗುಂಡಿ, ಅಂಗಿಯ ಗುಂಡಿ ಇದ್ದ ಹಾಗೆ. ಕರಗದ ಗುಳಿಗೆ ಎಲುಬಿನ ಮೇಲೆ ಕೂತರೆ ಎಲುಬೇ ಗಟ್ಟಿ ಇದ್ದಂತೆ ಲೆಕ್ಕ ಬರುತ್ತದೆ, ಇದ್ದ ರೋಗ ಮುಚ್ಚಿಹೋಗುತ್ತದೆ, ಒಂದು ವಾರ ಬಿಟ್ಟು ಬನ್ನಿ, ಹಿಂದಿನ ದಿನದಿಂದ ಗುಳಿಗೆ ಬೇಡ ಎಂದು ಹೇಳಿದಳು. ಬೋರಕ್ಕ ಆ ಗುಂಡಿಗಳನ್ನು ಬಹಳ ಹೊತ್ತು ನೋಡಿದಳು. ಅವಳ ಜೀವಮಾನದಲ್ಲಿ ಗಂಜಿಯನ್ನು ಅರಿವೆಯಿಂದ ಬೇರೆ ಮಾಡಿ ನೋಡಿದ ತಕ್ಕಡಿ ಅದೊಂದೇ ಇರಬೇಕು.

ತಿರುಗಿ ಬರುವಾಗ ಬಸ್ಸಿನಲ್ಲಿ ಶ್ರೀದೇವಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮನೆ ಮುಟ್ಟಿದ ಮೇಲೆ ಬೋರಕ್ಕ ಮೊದಲು ಕೋಣೆಯ ಕೀಲಿ ನೋಡಿದಳು. ಕೀಲಿ ಹಾಗೇ ಇತ್ತು. ಆಗ ಶ್ರೀದೇವಿ ಅತ್ತೆಯ ಮುಂದೆ ನೀರಿನ ತಂಬಿಗೆ ಇಟ್ಟು, ಎದುರಿಗೇ ಕೂತಳು. ನಾನು ಎದ್ದು ಹೋಗಲು ನೋಡಿದೆ. ಕೂಡು ಎಂದು ಬೋರಕ್ಕ ನನ್ನ ಸೆರಗು ಹಿಡಿದಳು, ಸಾಕ್ಷಿಗೆ ಒಬ್ಬರಿರಲಿ ಎಂದು.

"ಅತ್ತ್ಯಾರ, ಯಾಕ ಹಂಗ ಮಾಡಿದ್ರಿ?" ಎಂದು ಶ್ರೀದೇವಿ ಕೇಳಿದಳು.

"ಗಂಜಿ ಹಾಕಿದೆ," ಅಂದಳು ಬೋರಕ್ಕ. "ನನ್ನ ಎಲುವು ಹಗುರ ಬಂದ್ರ ನೀವು ಕುಣಿ ಮುಚ್ಚಾವ್ರು. ನನಗ ತಿಳಿಯೂದಿಲ್ಲಂತ ಮಾಡೀರೇನು?"

ಶ್ರೀದೇವಿ ಇಲ್ಲ ಎನ್ನುತ್ತಾಳೆಂದು ನಾನು ಎಣಿಸಿದ್ದೆ. ಅವಳು ಹಾಗೆ ಅನ್ನಲಿಲ್ಲ. ಮುಚ್ಚಬೇಕೆಂದು ನಿಮ್ಮ ಮಗನ ಮನಸ್ಸಿನಲ್ಲಿ ಇರುವುದು ಖರೆ, ಯುವರಾಜನನ್ನು ಕರೆಸಿ ಕೋಣೆ ತೋರಿಸಿದ್ದೂ ಖರೆ ಎಂದಳು. ಆದರೆ ಪರೀಕ್ಷೆಗೆ ದಿನ ಗೊತ್ತು ಮಾಡಿದ್ದು ತಾನು, ಗಂಡನ ಮಾತಿನಿಂದ ಅಲ್ಲ.

"ಹಂಗಂದ್ರ ಎದಕ್ಕ ಮಾಡಿದಿ?"

"ನನ್ನ ಸಲುವಾಗಿ."

ಬೋರಕ್ಕ ಹುಬ್ಬು ಕೂಡಿಸಿದಳು.

"ನೀವು ನಡಾ ಮುರಕೊಂಡು ಹಾಸಗಿ ಹಿಡದ್ರ ಉಚ್ಚಿ ಹೇಲು ಬಳಿಯಾಕಿ ನಾನು," ಅಂದಳು ಶ್ರೀದೇವಿ. "ನಿಮ್ಮ ಮಗ ಮಗ್ಗದ ಮುಂದ ಇರ್ತಾರ. ಮುಧೋಳದಾಗ ನಮ್ಮಜ್ಜಿ ಹಿಂಗ ಬಿದ್ಲು. ಅಕಿನ್ನ ಎತ್ತಿ ಎತ್ತಿ ನಮ್ಮವ್ವ ತನ್ನ ನಡಾ ಕಳಕೊಂಡ್ಲು. ನನ್ನ ಕಡಿಂದ ಅದು ಆಗೂದಿಲ್ರಿ ಅತ್ತ್ಯಾರ. ಬೀಳೂಕಿಂತ ಮೊದಲ ತಿಳಕೊಳ್ಳೂಣು ಅಂತ ಮಾಡೀನಿ."

ಹಿತ್ತಲಲ್ಲಿ ಮಗ್ಗಗಳ ಗದ್ದಲ ನಡೆದೇ ಇತ್ತು. ಬೋರಕ್ಕ ಸೊಸೆಯ ಮುಖವನ್ನು, ನೂಲಿನ ಲಡಿಯನ್ನು ಬಿಸಿಲಿಗೆ ಹಿಡಿದು ನೋಡುವ ಹಾಗೆ ನೋಡಿದಳು. ಆಮೇಲೆ ತಂಬಿಗೆ ಎತ್ತಿ ನೀರು ಕುಡಿದಳು. ಮರುದಿನ ನನಗೆ ಹೇಳಿದಳು, ನಿಮ್ಮ ಜೀವದ ಚಿಂತೆ ನನಗೆ ಎಂದು ಸೊಸೆ ಅಂದಿದ್ದರೆ ತಾನು ಒಟ್ಟೇ ನಂಬುತ್ತಿರಲಿಲ್ಲ ಎಂದು.

ಎರಡನೆಯ ಸಲ ತಯಾರಿ ಬೇರೆ ಆಯಿತು. ಉಳಿದ ಗುಳಿಗೆಗಳನ್ನೆಲ್ಲ ಬೋರಕ್ಕ ತಾನೇ ಸೊಸೆಯ ಕೈಗೆ ಹಾಕಿದಳು. ಎಲೆಗೆ ಹಚ್ಚುವ ಸುಣ್ಣವೂ ಸುಣ್ಣವೇ ಅಲ್ಲವೇ ಎಂದು ಸಂಶಯ ತೆಗೆದು ಚಂಚಿಯನ್ನೂ ಕೊಟ್ಟಳು. ಶ್ರೀದೇವಿ ಫೋನ್ ಮಾಡಿ ಕೇಳಿದಳು, ಅಷ್ಟರಿಂದ ಏನೂ ಆಗುವುದಿಲ್ಲ, ಊಟ ಎಂದಿನಂತೆ ಮಾಡಲಿ ಎಂದರು. ಆದರೂ ಬೋರಕ್ಕ ಎಲೆ ಮುಟ್ಟಲಿಲ್ಲ. ಬಾಯಿ ಖಾಲಿಯಾದದ್ದಕ್ಕೆ ಆ ದಿನವೆಲ್ಲ ಸಿಡಿಮಿಡಿ. ಚಹಾದ ಹಾಲು ಎಂದಿಗಿಂತ ಗಟ್ಟಿ ಇದೆ, ಏನು ಕಲಸಿದ್ದೀರಿ ಎಂದು ಮಗನನ್ನು ಕೇಳಿದಳಂತೆ. ಕೀಲಿಕೈ ಮತ್ತೆ ನನ್ನ ಮುಷ್ಟಿಗೇ ಬಂತು. ಸೊಸೆಯ ಮೇಲೆ ನಂಬಿಕೆ ಬಂದದ್ದು ಎಲುಬಿನ ಮಟ್ಟಿಗೆ, ಕೋಣೆಯ ಮಟ್ಟಿಗಲ್ಲ.

ಈ ಸಲ ತೆರೆಯ ಮೇಲೆ ಬಿಳಿ ಗುಂಡಿಗಳಿರಲಿಲ್ಲ. ಅಲ್ಲಿಯ ಡಾಕ್ಟರು ಮಧ್ಯವಯಸ್ಸಿನವರು, ನಮ್ಮನ್ನು ಕೂಡ್ರಿಸಿ ಫಲಿತಾಂಶ ಹೇಳಿದರು. ಬೆನ್ನಿನಲ್ಲೂ ಸೊಂಟದಲ್ಲೂ ಎಲುಬು ಸವೆದಿದೆ, ಲೆಕ್ಕ ಸೊನ್ನೆಯಿಂದ ಕೆಳಗೆ ಬಹಳ ಹೋಗಿದೆ ಎಂದರು.

"ಸೊನ್ನಿಗಿಂತ ಕೆಳಗ ಎಲುವು ಹೆಂಗ ಇರತೈತ್ರಿ?" ಎಂದು ಬೋರಕ್ಕ ಕೇಳಿದಳು. "ಇದ್ರ ಇರಬೇಕು, ಇಲ್ಲಂದ್ರ ಇಲ್ಲ."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಗಟ್ಟಿಮುಟ್ಟಾದ ವಯಸ್ಸಿನ ಹೆಣ್ಣುಮಗಳ ಎಲುಬಿಗೆ ಹೋಲಿಸಿ ಈ ಲೆಕ್ಕ ಹಾಕುತ್ತಾರೆ, ಅವಳದು ಸೊನ್ನೆ ಎಂದು ಹಿಡಿದರೆ ನಿಮ್ಮದು ಇಷ್ಟು ಕೆಳಗೆ ಎಂದು ತಿಳಿಸಿದರು.

"ಅಕಿ ಯಾರು?"

"ಒಬ್ಬಾಕಿ ಅಂತ ಅಲ್ರಿ ಆಯಿ. ಬಾಳ ಮಂದಿದು ಕೂಡಿಸಿ ತಗದಿದ್ದು."

"ಅವರೊಳಗ ಯಾವಾಕ್ಯಾರ ಮಗ್ಗಕ್ಕ ಇಳದಾಳೇನು?"

ಡಾಕ್ಟರು ನಕ್ಕರು. ಬೋರಕ್ಕ ನಗಲಿಲ್ಲ, ಅವಳು ಖರೆ ಕೇಳಿದ್ದಳು. ವರ್ಷಕ್ಕೊಮ್ಮೆ ಚುಚ್ಚುವ ಒಂದು ಔಷಧವಿದೆ, ರಕ್ತ ಪರೀಕ್ಷೆ ಮಾಡಿ ಅದನ್ನು ಕೊಡುತ್ತೇವೆ, ಗುಳಿಗೆ ನಡೆಯಲಿ, ಬಿಸಿಲಿಗೆ ಕೂಡಬೇಕು, ನಡೆದಾಡಬೇಕು ಎಂದು ಡಾಕ್ಟರು ಮುಂದುವರಿಸಿದರು. ಮತ್ತೆ ಅಳೆಯುವಾಗಲೂ ಇದೇ ಯಂತ್ರಕ್ಕೇ ಬನ್ನಿ, ಬೇರೆ ಕಡೆ ಅಳೆದರೆ ಹೋಲಿಸಲು ಬರುವುದಿಲ್ಲ ಎಂದರು. ಆ ಮಾತು ಬೋರಕ್ಕನಿಗೆ ಹಿಡಿಸಿತು. ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ತಕ್ಕಡಿಯಲ್ಲಿ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಅಷ್ಟರಲ್ಲಿ ಡಾಕ್ಟರು, ಇನ್ನು ಮಗ್ಗದ ಕುಣಿಗೆ ಇಳಿಯುವುದು ಬೇಡ ಎಂದುಬಿಟ್ಟರು.

ಬೋರಕ್ಕ ಸೆಟೆದು ಕೂತಳು. ಕುಣಿಯ ಮಾತನ್ನು ಅವಳೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಅವಳ ಕಣ್ಣು ಶ್ರೀದೇವಿಯ ಕಡೆ ಹೋಯಿತು.

"ನಾನ ಹೇಳೀನಿ," ಅಂದಳು ಶ್ರೀದೇವಿ. "ಒಂದ ಕೈ ಊರಿ ಮ್ಯಾಲ ಏಳ್ತೀರಿ. ನಾ ದಿನಾ ನೋಡತೀನಿ."

ಬೋರಕ್ಕ ಕೈಯಲ್ಲಿದ್ದ ಸೆರಗಿನ ತುದಿಯನ್ನು ಸುರುಳಿ ಸುತ್ತಿದಳು, ಬಿಚ್ಚಿದಳು. ಇಲ್ಲಿಗೆ ಮುಗಿಯಿತು, ಇನ್ನು ಬೆಳ್ಳುಳ್ಳಿಯೇ ಗತಿ ಎಂದುಕೊಂಡೆ. ಆದರೆ ಅವಳು ಕುರ್ಚಿಯನ್ನು ಡಾಕ್ಟರ ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಇಳಿಯೂದು ಬ್ಯಾಡಂದ್ರೋ, ನೇಯೂದು ಬ್ಯಾಡಂದ್ರೋ?"

ಡಾಕ್ಟರು ಬಿಡಿಸಿ ಹೇಳಿದರು. "ಇಳಿಯೂದು ಬ್ಯಾಡ. ಬಗ್ಗಿ ಕುಂದ್ರೂದು ಬ್ಯಾಡ. ಬೆನ್ನು ನೆಟ್ಟಗ ಮಾಡಿ ಕುಂತು, ನಡನಡುವ ಎದ್ದು ತಿರಗ್ಯಾಡಿ ಮಾಡೂ ಕೆಲಸಕ್ಕ ನಾ ಬ್ಯಾಡ ಅನ್ನೂದಿಲ್ಲ."

"ಇನ್ನೊಮ್ಮೆ ಅನ್ರಿ."

ಅವರು ಇನ್ನೊಮ್ಮೆ ಅಂದರು. ಬೋರಕ್ಕ ನನ್ನನ್ನು ನೋಡಿದಳು, ಶ್ರೀದೇವಿಯನ್ನು ನೋಡಿದಳು, ಇಬ್ಬರೂ ಕೇಳಿಸಿಕೊಂಡೆವೆಂದು ಖಾತ್ರಿ ಮಾಡಿಕೊಂಡು ಎದ್ದಳು.

ನಾವು ಬನಹಟ್ಟಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ಶ್ರೀದೇವಿ ಗಂಡನಿಗೆ ಫೋನಿನಲ್ಲಿ ಹೇಳಿದ್ದಳು. ಪ್ರಭುಲಿಂಗ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ. ತಾಯಿಯ ಎಲುಬಿನ ದುಃಖ ಅವನ ಮುಖದಲ್ಲಿ ಇತ್ತು, ಇಲ್ಲವೆನ್ನಲಾರೆ. ಅದರ ಹಿಂದೆ ಇನ್ನೊಂದು ಹಗುರಾದ ಭಾವವೂ ಇತ್ತು. ಅದನ್ನು ನಾನು ಕಂಡೆ ಎಂದರೆ ಬೋರಕ್ಕ ಕಾಣದೇ ಇರುತ್ತಾಳೆಯೇ.

"ಮಗ್ಗಾ ಬ್ಯಾಡ ಅಂದಾರಂತ, ಯವ್ವಾ," ಅಂದ. "ಇನ್ನ ಆರಾಮ ಇರು."

"ಅನಸಿ, ಡಾಕ್ಟರು ಏನಂದ್ರು ಇವನಿಗೆ ಹೇಳು."

ನಾನು ಹೇಳಿದೆ, ಒಂದಕ್ಷರ ಬಿಡದೆ. ನನಗೆ ಓದು ಕಡಿಮೆ, ಕೇಳಿದ್ದು ಮಾತ್ರ ಮರೆಯುವುದಿಲ್ಲ. ಶ್ರೀದೇವಿ ಗಂಡನ ಕಡೆ ನೋಡದೆ ಚಪ್ಪಲಿ ಬಿಡುತ್ತ, ಹೌದು ಹಾಗೇ ಅಂದರು ಎಂದಳು. ಪ್ರಭುಲಿಂಗ ಹೆಂಡತಿ ತನ್ನ ಕಡೆ ಇದ್ದಾಳೆಂದು ತಿಳಿದಿದ್ದನೇನೋ, ತುಸು ಗಾಬರಿಯಾದ.

ಮರುದಿನ ಬೋರಕ್ಕ ಬಡಿಗೇರ ಧರೆಪ್ಪನನ್ನು ಕರೆಸಿದಳು. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಿಲ್ಲುವ ಚೌಕಟ್ಟು ಮಾಡಿ ಮಗ್ಗವನ್ನು ಅದಕ್ಕೆ ಏರಿಸಬೇಕು, ಕೂಡಲು ಒರಗುವ ಬೆಂಚು ಬೇಕು, ಕಾಲಿಗೆ ತುಳಿಯುವ ಹಲಗೆ ಎಟುಕಬೇಕು. ಅಂಥ ಮಗ್ಗ ಬೇರೆ ಊರುಗಳಲ್ಲಿ ಉಂಟು, ನಮ್ಮ ಓಣಿಯಲ್ಲಿ ಯಾರೂ ಹಾಕಿರಲಿಲ್ಲ. ಕುಣಿಯನ್ನು ಮುಚ್ಚುವುದಕ್ಕೆ ಅವಳೇ ಒಪ್ಪಿದಳು. ಆದರೆ ಒಂದು ಕರಾರು. ಮೊದಲು ಚೌಕಟ್ಟು ತಯಾರಾಗಿ ಓಣಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲಬೇಕು, ಆಮೇಲೆ ಕುಣಿಗೆ ಮೊದಲ ಬುಟ್ಟಿ ಮಣ್ಣು. ಮಣ್ಣು ತುಂಬುವಾಗ ಅವಳು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಳು, ಊಟವನ್ನೂ ಅಲ್ಲಿಗೇ ತರಿಸಿಕೊಂಡಳು. ವಿಠೋಬಾ ಕೂತ ದಂಡೆ, ತಾನು ಬೈಗುಳ ತಿಂದು ಇಳಿದ ಕುಣಿ, ಮಣ್ಣಿನಡಿ ಹೋಗುವುದನ್ನು ಅವಳು ನೋಡಿದಳು. ಕಣ್ಣು ಒರೆಸಿಕೊಂಡಳೋ, ಧೂಳು ಒರೆಸಿಕೊಂಡಳೋ, ನಾನು ಕೇಳಲಿಲ್ಲ.

ನೆಲ ಒಣಗಿದ ಮೇಲೆ ಚೌಕಟ್ಟು ಒಳಗೆ ಬಂತು. ಕಾಲುಗಳನ್ನು ನೆಲಕ್ಕೆ ಸಿಮೆಂಟು ಹಾಕಿ ಕೂಡ್ರಿಸು ಎಂದು ಧರೆಪ್ಪನಿಗೆ ಹೇಳಿದಳು. ಸುಮ್ಮನೆ ಇಟ್ಟರೂ ನಿಲ್ಲುತ್ತದೆ, ಮುಂದೆ ಸರಿಸುವುದಕ್ಕೂ ಅನುಕೂಲ ಎಂದು ಅವನು ಅಂದ. ಸರಿಸುವುದಕ್ಕೆ ಅನುಕೂಲ ಆಗಬಾರದೆಂದೇ ಸಿಮೆಂಟು ಎಂದು ಅವಳು ಉತ್ತರ ಕೊಟ್ಟಳು.

ಮೊದಲ ಸೀರೆಯ ಅಂಚು ಸೊಟ್ಟ ಬಂತು. ಬೆನ್ನು ನೆಟ್ಟಗಿಟ್ಟು ನೇಯುವ ರೂಢಿ ಅವಳ ಮೈಗೆ ಇರಲಿಲ್ಲ. ಹುಲ್ಲು ತುಂಬಿದ ದಿಂಬು ಬೆನ್ನಿಗೆ ಕೊಟ್ಟು ಶ್ರೀದೇವಿ ನಡುನಡುವೆ ಬಂದು ನೋಡಿ ಹೋಗುತ್ತಿದ್ದಳು. ಎದ್ದು ತಿರುಗಾಡಿರಿ ಎಂದು ಎಬ್ಬಿಸುತ್ತಿದ್ದಳು. ಬೋರಕ್ಕ ಏಳುತ್ತಿದ್ದಳು, ಕೀಲಿಕೈ ತೆಗೆದುಕೊಂಡು.

ಮೊನ್ನೆ ನಾನು ಅಲ್ಲೇ ಕೂತಿದ್ದೆ. ಪ್ರಭುಲಿಂಗ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತು ಮಗ್ಗದ ಕಾಲುಗಳನ್ನು ನೋಡಿದ.

"ಗಟ್ಟಿ ಕುಂತೈತೇನ ಬೇ?"

"ಯಾಕ, ಅಲ್ಲಾಡಿಸಿ ನೋಡಾವ ಇದ್ದೇನು?"

ಅವನು ನಕ್ಕು ಹಿತ್ತಲಿಗೆ ಹೋದ. ಬೋರಕ್ಕ ಲಾಳಿ ಹಿಡಿದುಕೊಂಡೇ ಇದ್ದಳು. ಅವನ ಮಗ್ಗಗಳ ಸಪ್ಪಳ ಶುರುವಾದದ್ದು ಕೇಳಿದ ಮೇಲೆ, ಬೆನ್ನನ್ನು ದಿಂಬಿಗೆ ಒತ್ತಿ, ಲಾಳಿ ಹೊಡೆದಳು.